ಶಶಿಕಾಂತ ಸಾಹುಕಾರರ ಡಿಜಿಟಲ್ ಲೈನು

ಮೊಳಕಾಲ್ಮೂರಿನ ಸೀರೆ ವ್ಯಾಪಾರಿ ಶಶಿಕಾಂತನಷ್ಟು ಜಂಬದ ಮನುಷ್ಯನನ್ನು ನನ್ನ ಇಡೀ ಟೆಲಿಫೋನ್ ನೌಕರಿಯಲ್ಲಿ ಕಂಡಿಲ್ಲ. ಎರಡು ಸಾವಿರದ ಒಂದರಲ್ಲಿ ಆ ಬೀದಿಗೆಲ್ಲ ಮೊದಲು ಡಿಜಿಟಲ್ ಲೈನ್ ಹಾಕಿಸಿದವನು ಅವನೇ. ಸೀರೆ ಚಿತ್ರಗಳನ್ನು ಕಂಪ್ಯೂಟರಿನಿಂದ ಬೆಂಗಳೂರಿಗೆ ಕಳಿಸುತ್ತಾನಂತೆ! ವಾರದೊಳಗೆ ಲೈನ್ ಸತ್ತಿತು. ನಾನು ಚಳ್ಳಕೆರೆಯಿಂದ ಬಸ್ಸು ಹತ್ತಿ ಹೋದೆ.

ಅಂಗಡಿ ಬಾಗಿಲಲ್ಲಿ ನೇಕಾರರ ಯರ್ರಮ್ಮ ಗೂಟ, ಕಲ್ಲು ಹಿಡಿದು ನಿಂತಿದ್ದಳು. ಕಣ್ಣುಗಳು ಕೆಂಪಾಗಿದ್ದವು.

"ನೋಡ್ರಿ ಮಲ್ಲಿಕ್, ಈಯಮ್ಮನ ಕೆಲ್ಸ ಇದು," ಅಂದ ಶಶಿಕಾಂತ. "ದಿನಾ ಬೀದೀಲಿ ಗೂಟಕ್ಕೆ ಕಟ್ಟಿ ಮಗ್ಗದ ರೇಷ್ಮೆ ಹಾಸು ಎಳೀತಾಳೆ. ಗೂಟ ಹೊಡ್ದು ಹೊಡ್ದು ನೆಲದಾಗಿನ ಕೇಬಲ್ ಹಾಳ್ ಮಾಡಿದಾಳೆ. ನೇಯಾಕೆ ಕೊಟ್ಟಿದ್ ರೇಷ್ಮೆ ವಾಪಸ್ ತಂದಿದೀನಿ. ಇನ್ಮೇಲೆ ಇಲ್ಲಿ ಹಾಸೂ ಇಲ್ಲ, ಇವಳಿಗೆ ನೂಲೂ ಇಲ್ಲ."

"ನಮ್ಮತ್ತೆ ಕಾಲದಿಂದ ಅದೇ ಕುಣೀಗೆ ಗೂಟ ಹಾಕ್ತೀವಿ ಸ್ವಾಮಿ," ಅಂದಳು ಯರ್ರಮ್ಮ. "ಮಗ್ಗ ನಿಂತ್ರೆ ಒಲೆ ಹೆಂಗ್ ಹಚ್ಲಿ?"

ಬಡವರ ಹೊಟ್ಟೆ ಮೇಲೆ ಹೊಡೆಯಲು ಈ ಮಹಾಶಯನಿಗೆ ಕೇಬಲ್ ಒಂದು ನೆಪ! ನನಗೆ ಮೈ ಉರಿದುಹೋಯಿತು.

ಚೀಲದಿಂದ ಟೆಸ್ಟರ್ ತೆಗೆದೆ. ಅಂಗೈಯಲ್ಲಿ ಹಿಡಿಯುವ ಯಂತ್ರ, ಸಣ್ಣ ಪರದೆ, ನಾಲ್ಕಾರು ಗುಂಡಿ. ಬಾಗಿಲ ಡಬ್ಬಿಯಲ್ಲಿ ಅಂಗಡಿಯ ತಂತಿ ಬಿಚ್ಚಿ, ಬೀದಿಯಿಂದ ಬಂದ ತಂತಿಗೆ ಟೆಸ್ಟರನ್ನು ಸಿಕ್ಕಿಸಿದೆ. ಅದರಲ್ಲಿ ಮಿಣುಕುತ್ತಿದ್ದ ಹಸಿರು ದೀಪ ಸ್ಥಿರವಾಗಿ ನಿಂತಿತು. ಅಂದರೆ ಎಕ್ಸ್‌ಚೇಂಜ್ ಸಿಕ್ಕಿತು. ಡಿಜಿಟಲ್ ಲೈನಿನಲ್ಲಿ ಎರಡು ಕರೆಗೆ ಜಾಗ ಇರುತ್ತದೆ. ಒಂದರಿಂದ ಟೆಸ್ಟರ್ ಅದೇ ನಂಬರಿಗೆ ಕರೆ ಮಾಡಿ, ಇನ್ನೊಂದರಲ್ಲಿ ತಾನೇ ಎತ್ತಿಕೊಳ್ಳುತ್ತದೆ. ಟ್ರಿಣ್ ಎಂದಿತು, ಎತ್ತಿಕೊಂಡಿತು. ಯರ್ರಮ್ಮ ಬಗ್ಗಿ ನೋಡಿದಳು.

"ಬೀದಿ ಕೇಬಲ್ ಚೆನ್ನಾಗೈತೆ," ಅಂದೆ. ಅಂಗಡಿಯ ತಂತಿ ಮತ್ತೆ ಸೇರಿಸಿದೆ. ದೀಪ ಆರಿತು; ಅಂದರೆ ದೋಷ ಅಂಗಡಿಯೊಳಗೇ.

"ನಿಮ್ ಡಬ್ಬಾನೇ ಸರಿ ಇಲ್ಲ!" ಎಂದು ಹಾರಾಡಿದ ಶಶಿಕಾಂತ. ನಾನು ತಂತಿಯ ಜಾಡು ಹಿಡಿದೆ. ಗೋಡೆ ಮೇಲೆ ಹಾರ ಹಾಕಿದ ಅವನಪ್ಪ ತೋಟಪ್ಪನವರ ಫೋಟೋ. ಅದರ ಹಿಂದೆ ತಂತಿ ಕವಲಾಗಿ, ಕಿಟಕಿ ದಾಟಿ ಹಿತ್ತಲ ಮನೆಗೆ ಹೋಗಿತ್ತು. ಅಲ್ಲಿ ಮಂಚದ ಪಕ್ಕ ಒಂದು ಹಳೇ ಫೋನು!

ನಮ್ಮ ಕಡೆಯವರ ಚಟ ಇದು. ಅಂಗಡಿಗೆ ಲೈನ್ ಬಂದರೆ ಸಾಕು, ಅದೇ ತಂತಿಯಿಂದ ಗುಟ್ಟಾಗಿ ಮನೆಗೊಂದು ಪ್ಯಾರಲಲ್ ಫೋನು ಎಳೆದುಕೊಳ್ಳುತ್ತಾರೆ. ಹಳೇ ಲೈನಿನಲ್ಲಿ ನಡೆಯುತ್ತಿತ್ತು, ಡಿಜಿಟಲ್ ಲೈನಿಗೆ ಅದು ಆಗಿಬರುವುದಿಲ್ಲ. ಕಿತ್ತುಹಾಕಿದೆ. ಹಸಿರು ದೀಪ ಬಂತು.

"ಇದು... ನಮ್ಮಪ್ಪಾಜಿ ಹಾಕ್ಸಿರ್ಬೇಕು," ಅಂದ.

ಥೂ, ನಾಚಿಕೆಗೆಟ್ಟವನೇ! ಲೈನ್ ಬಂದು ವಾರವಾಗಿಲ್ಲ, ಅಪ್ಪ ಸತ್ತು ಮೂರು ವರ್ಷ.

ಯರ್ರಮ್ಮ ನೇರ ಗಲ್ಲಾದ ಹಿಂದೆ ಹೋಗಿ ತನ್ನ ರೇಷ್ಮೆ ಗಂಟು ಎತ್ತಿಕೊಂಡಳು.

"ನಿಂತ್ಕಳಮ್ಮ, ನಾನೇ ಕೊಡ್ತಿದ್ದೆ," ಅಂದ ಸಾಹುಕಾರ.

"ಆ ಡಬ್ಬ ತಾನೇ ಕರೆದು ತಾನೇ ಓ ಅಂತೈತೆ," ಅಂದಳು. "ನೀವೂ ಹಂಗೇ ಸಾಹುಕಾರ್ರೇ. ಕಳ್ಳನೂ ನೀವೇ, ಪೊಲೀಸೂ ನೀವೇ."

ಹೊರಗಿಳಿದು, ಅವನ ಮೆಟ್ಟಿಲ ಎದುರಿನ ಅದೇ ಕುಣಿಗೆ ಗೂಟ ಇಟ್ಟು, ಕಲ್ಲಿನಿಂದ ಬಲವಾಗಿ ಹೊಡೆದಳು.