ಗುರುನಾಥನ ಎಡೆ

ಗಂಡನ ಹೆಸರನ್ನು ನಾಗವೇಣಿ ಬಾಯಿಬಿಟ್ಟು ಹೇಳಿದ್ದು ಒಂದೇ ಒಂದು ಸಲ. ಮದುವೆಯಾಗಿ ಬಂದ ದಿನ, ಊರಿನ ಮನೆಯಲ್ಲಿ, ಗಂಡನ ಹೆಸರು ಸೇರಿಸಿ ಒಡಪು ಹೇಳದಿದ್ದರೆ ಹೊಸ್ತಿಲು ದಾಟಿಸುವುದಿಲ್ಲವೆಂದು ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತಿದ್ದರು. ಅವಳು ತಲೆ ತಗ್ಗಿಸಿಕೊಂಡು ಹೇಳಿದಳು: “ಗೋಳಗುಮ್ಮಟದಾಗ ಒಮ್ಮೆ ಕರದರ ಏಳ ಸಲ ಕೇಳತೈತಿ, ಜಟ್ಟೆಪ್ಪನವರು ಒಮ್ಮೆ ಕರದರ ನನ್ನ ಜೀವ ಓಡಿ ಬರತೈತಿ.” ಹೆಂಗಸರು ನಕ್ಕು ದಾರಿ ಬಿಟ್ಟರು. ಗಂಡನ ಹೆಸರು ಹಿಡಿದು ಕರೆದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು ಅವಳು. ಆಮೇಲೆ ಆ ಹೆಸರು ಅವಳ ತುಟಿಗೆ ಬರಲಿಲ್ಲ.

ಬರುವುದಕ್ಕೆ ಆಸ್ಪದವೂ ಇರಲಿಲ್ಲ ಅನ್ನಿ. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಅವರಿದ್ದ ಚಾಳಿನಲ್ಲಿ ಅವಳ ಗಂಡ ಜಟ್ಟೆಪ್ಪ ಎಂದು ಯಾರಿಗೂ ಗೊತ್ತಿರಲಿಲ್ಲ. ಬಾಗಿಲ ಮೇಲಿನ ಹೆಸರಿನ ಪಾಟಿ, ಪಾಸ್‌ಪೋರ್ಟು, ಬ್ಯಾಂಕಿನ ಪುಸ್ತಕ, ಮಗಳು ಕಾಂಚನಾಳ ಶಾಲೆಯ ಹಾಜರಿ, ಎಲ್ಲದರಲ್ಲೂ ಗುರುನಾಥ. ಗುರುನಾಥ ಎಂದರೆ ಅವಳ ಭಾವ, ಗಂಡನ ಅಣ್ಣ. ಅವನನ್ನು ಅವಳು ನೋಡಿದ್ದು ಗೋಡೆಯ ಮೇಲಿನ ಫೋಟೋದಲ್ಲಿ ಮಾತ್ರ. ಅವಳು ಈ ಮನೆಗೆ ಬರುವ ಮೊದಲೇ ಅವನು ತೀರಿಕೊಂಡಿದ್ದ.

ಆದದ್ದು ಹೀಗೆ. ಅಣ್ಣ ತಮ್ಮಂದಿರಲ್ಲಿ ಹತ್ತನೆಯದು ಪಾಸಾದವನು ಅಣ್ಣ. ತಮ್ಮನಿಗೂ ಪುಸ್ತಕಕ್ಕೂ ಆಗಿಬರಲಿಲ್ಲ, ಉಲ್ಹಾಸನಗರದ ಒಂದು ವರ್ಕ್‌ಶಾಪಿನಲ್ಲಿ ಏಸಿ, ಫ್ರಿಜ್ಜಿನ ರಿಪೇರಿ ಕಲಿತ. ಅಣ್ಣ ಗಲ್ಫಿಗೆ ಹೋಗುವುದೆಂದು ನಿಶ್ಚಯವಾಯಿತು. ದೇವರಿಗೆ ಕಾಯಿ ಒಡೆಸಿಕೊಂಡು ಬರುತ್ತೇನೆಂದು ಸಿಂದಗಿ ಕಡೆಯ ಹಳ್ಳಿಗೆ ಹೋದವನು ಕಾಮಾಲೆಯಾಗಿ ಅಲ್ಲೇ ಹೋಗಿಬಿಟ್ಟ. ಹೊಲದಲ್ಲಿ ಮಣ್ಣು ಮಾಡಿದರು. ಆ ದುಃಖದಲ್ಲಿ ಕಚೇರಿಗೆ ಹೋಗಿ ಸಾವು ಬರೆಸುವವರು ಯಾರು? ಅವನ ಹತ್ತನೆಯ ಸರ್ಟಿಫಿಕೇಟು ಮಾತ್ರ ಟ್ರಂಕಿನಲ್ಲಿ ಉಳಿಯಿತು. ಹತ್ತನೆಯದು ಪಾಸಾದವನ ಪಾಸ್‌ಪೋರ್ಟಿಗೆ ಗಲ್ಫಿನ ದಾರಿ ಸಲೀಸು, ಇಲ್ಲದವನಿಗೆ ನೂರೆಂಟು ತಕರಾರು. ತಾಯಿ ಕಾಶವ್ವ ವಾಶಿಯಲ್ಲಿ ಏಳುತ್ತಿದ್ದ ಕಟ್ಟಡಗಳಿಗೆ ಉಸುಕಿನ ಬುಟ್ಟಿ ಹೊತ್ತು ಇಬ್ಬರನ್ನೂ ಸಾಕಿದವಳು. ಸತ್ತ ಮಗನ ಕಾಗದ ಇದ್ದ ಮಗನಿಗೆ ಅನ್ನ ಕೊಡುವುದಾದರೆ ಕೊಡಲಿ ಎಂದಳು. ಜಟ್ಟೆಪ್ಪ ಗುರುನಾಥನಾಗಿ ಮಸ್ಕತ್ತಿಗೆ ಹೋದ. ಬಡವರ ಮನೆಯಲ್ಲಿ ಅಣ್ಣನ ಅಂಗಿ ತಮ್ಮ ತೊಡುವುದಿಲ್ಲವೇ? ಹಾಗೆ ತೊಟ್ಟ. ಬಿಚ್ಚುವುದು ಯಾವಾಗ ಎಂದು ಮಾತ್ರ ಯಾರೂ ಕೇಳಲಿಲ್ಲ.

ಕಾಶವ್ವನಿಗೆ ಮಾತ್ರ ಅಂದಿನಿಂದ ಒಂದು ಅಳುಕು. ಮಾನಮಿ ಅಮಾವಾಸ್ಯೆಗೆ, ಅಂದರೆ ಮಹಾಲಯಕ್ಕೆ, ಅವರ ಮನೆತನದಲ್ಲಿ ಸತ್ತವರಿಗೆ ಎಡೆ ಇಡುವ ಪದ್ಧತಿ. ಸತ್ತವರ ಬಟ್ಟೆ ಮಡಿಸಿಟ್ಟು, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಮನೆಯ ಹಿರಿಯರೊಬ್ಬರು ಒಳಗೆ ಕೂತು ಹೆಸರು ಹಿಡಿದು ಕರೆಯಬೇಕು. ಉಳಿದವರು ಬಾಗಿಲು ಮುಚ್ಚಿ ಹೊರಗೆ ನಿಲ್ಲಬೇಕು. ಸತ್ತವರು ಬಂದು ಉಂಡು ಹೋಗುತ್ತಾರೆ. ಆಮೇಲೆ ಹೊರಗಿನವರು ಒಮ್ಮೆ ಕೆಮ್ಮಿ ಬಾಗಿಲು ತೆರೆಯುತ್ತಾರೆ. ಕಾಶವ್ವ ಹಿರಿಮಗನಿಗೆ ಒಮ್ಮೆಯೂ ಎಡೆ ಇಟ್ಟಿರಲಿಲ್ಲ. “ಅವನ ಹೆಸರು ಮಸ್ಕತ್ತಿನ್ಯಾಗ ಅಡ್ಯಾಡಾಕತೈತಿ. ಅಡ್ಯಾಡೂ ಹೆಸರನ್ನ ಎಡಿಗೆ ಹೆಂಗ ಕರಿಯೂದು? ಕರದರ ಯಾರ ಬರತಾರ?” ಎನ್ನುತ್ತಿದ್ದಳು. ಪ್ರತಿ ವರ್ಷ ಆ ದಿನ ಮನೆಗೆ ಬೀಗ ಹಾಕಿ ಸೊಸೆ ಮೊಮ್ಮಗಳನ್ನೂ ಕರೆದುಕೊಂಡು ತಂಗಿಯ ಮನೆಗೆ ಹೋಗಿಬಿಡುವಳು. ಹೋದ ಮಗ ಹಸಿದೇ ಇದ್ದಾನೆ ಎಂಬ ಸಂಕಟ ಅವಳ ಹೊಟ್ಟೆಯಲ್ಲಿ ಕೂತುಬಿಟ್ಟಿತ್ತು.

ನಾಗವೇಣಿ ಇದನ್ನೆಲ್ಲ ತಲೆಗೆ ಹಚ್ಚಿಕೊಂಡವಳಲ್ಲ. ಒಮ್ಮೆ ಮಾತ್ರ ಕಸಿವಿಸಿಯಾಗಿತ್ತು. ಸಂಕ್ರಾಂತಿಯ ಹಳದಿ-ಕುಂಕುಮಕ್ಕೆ ಕರೆದ ಮರಾಠಿ ನೆರೆಯವರು, ಗಂಡನ ಹೆಸರು ಹೇಳು, ಇಲ್ಲದಿದ್ದರೆ ಎಳ್ಳುಬೆಲ್ಲ ಕೊಡುವುದಿಲ್ಲ ಎಂದು ಕಾಡಿದಾಗ ಗುರುನಾಥ ಎಂದು ಹೇಳಬೇಕಾಯಿತು. ಮನೆಗೆ ಬಂದು ಬಚ್ಚಲು ಮೋರಿಯ ಹತ್ತಿರ ಕೂತು ಬಾಯಿ ಮುಕ್ಕಳಿಸಿದಳು. ಭಾವನ ಹೆಸರನ್ನು ಗಂಡನ ಹೆಸರೆಂದು ಹೇಳುವುದು ಯಾವ ಹೆಂಗಸಿನ ಹಣೆಬರಹದಲ್ಲಿ ಇರುತ್ತದೆ ಹೇಳಿ.

ತೊಂಬತ್ತಾರರಲ್ಲಿ, ಗಣಪತಿ ಕಳಿಸಿದ ಮೇಲೆ, ಗಂಡ ರಜೆಯಲ್ಲಿ ಬಂದ. ಬಂದವನ ಬಾಯಲ್ಲಿ ಒಂದೇ ಮಾತು, ಕೆನಡಾ. ಮಸ್ಕತ್ತಿನದು ಕರಾರಿನ ಕೆಲಸ, ಬೇಕಾದರೆ ಮುಂದುವರಿಸುವರು, ಬೇಡವಾದರೆ ಗಂಟು ಕಟ್ಟಿಸುವರು. ಈಗ ಆ ಊರಿನ ಹುಡುಗರಿಗೇ ಕೆಲಸ ಕಲಿಸಿ ಹೊರಗಿನವರನ್ನು ಕಳಿಸತೊಡಗಿದ್ದರು. “ಅಲ್ಲಿ ಒಮ್ಮೆ ಕಾಯಂ ಆದರ ಆತು, ಯಾರೂ ಎಬ್ಬಸಂಗಿಲ್ಲ. ನೀನು, ಕಾಂಚಿ, ಹಿಂದಿಂದ ಅವ್ವ. ಎಲ್ಲಾರೂ ಒಂದ ಕಡೆ ಇರೂದು” ಎಂದ. ನಾಗವೇಣಿಗೆ ಜೀವ ಹಿಗ್ಗಿತು. ಮದುವೆಯಾದಾಗಿನಿಂದ ಇಬ್ಬರೂ ಕೂಡಿ ಇದ್ದ ದಿನಗಳನ್ನೆಲ್ಲ ಸೇರಿಸಿದರೆ ಒಂದು ಮಳೆಗಾಲಕ್ಕೂ ಸಾಲುತ್ತಿರಲಿಲ್ಲ.

ಕಾಗದ ಹೊಂದಿಸಿಕೊಡುವ ಏಜೆಂಟ ಜಯಶೀಲ, ಮಂಗಳೂರು ಕಡೆಯವನು, ವಾಶಿ ಸ್ಟೇಶನ್ನಿನ ಹತ್ತಿರ ಅವನ ಆಫೀಸು. ಮಸ್ಕತ್ತಿಗೆ ಮರಳುವುದರೊಳಗೆ ಇಲ್ಲಿಯ ಕಾಗದವೆಲ್ಲ ತಯಾರಾಗಬೇಕಿತ್ತು. ಗಂಡ ಹೆಂಡತಿ ಇಬ್ಬರೂ ಹೋಗಿ ಕೂತರು. ಜಯಶೀಲ ಒಂದೊಂದೇ ನೋಡುತ್ತ ಹೋಗಿ ರೇಶನ್ ಕಾರ್ಡಿಗೆ ಬಂದು ನಿಂತ.

“ಇದರಲ್ಲಿ ನಿಮ್ಮ ತಮ್ಮ ಒಬ್ರು ಕಾಣ್ತಾರಲ್ಲ, ಜಟ್ಟೆಪ್ಪ ಅಂತ. ಒಡಹುಟ್ಟಿದವರದ್ದೂ ಬರೀಲಿಕ್ಕುಂಟು. ಅವರೀಗ ಎಲ್ಲಿದ್ದಾರೆ?”

ನಾಗವೇಣಿ ಗಂಡನ ಮುಖ ನೋಡಿದಳು. ಏನಾದರೊಂದು ಸುಳ್ಳು ಹೇಳುತ್ತಾನೆ, ಊರಲ್ಲಿದ್ದಾನೆ ಎನ್ನುತ್ತಾನೆ, ಇಷ್ಟೇ ಅಂದುಕೊಂಡಿದ್ದಳು.

“ಅವ ಇಲ್ರಿ” ಎಂದ ಗಂಡ. “ಸತ್ತಾನ. ಊರಾಗ ಕಾಮಾಲಿ ಆಗಿತ್ತು.”

“ಛೆ, ಪಾಪ. ಸಣ್ಣ ಪ್ರಾಯ” ಎಂದ ಜಯಶೀಲ. ಅವನ ದನಿ ನಿಜವಾಗಿಯೂ ಮೆತ್ತಗಾಗಿತ್ತು. “ಸಾವು ಬರೆಸಿದ್ದುಂಟಾ? ಇಲ್ಲವಾ? ಹಾಗಾದ್ರೆ ತಾಯಿಯವರದ್ದು ಅಫಿಡವಿಟ್ ಬೇಕು, ಇಂಥ ಮಗ ತೀರಿಹೋದದ್ದು ಹೌದು ಅಂತ. ಅದನ್ನಿಟ್ಟು ಊರಿಂದ ಸರ್ಟಿಫಿಕೇಟ್ ಮಾಡಿಸುವ. ಸುಳ್ಳು ಮಾತ್ರ ಒಂದಕ್ಷರ ಇರ್ಬಾರ್ದು ಮಾರಾಯ್ರೇ, ಅವರು ಎಲ್ಲ ತನಿಖೆ ಮಾಡ್ತಾರೆ.”

ನಾಗವೇಣಿಯ ಕೈ ಅವಳಿಗೇ ಗೊತ್ತಿಲ್ಲದೆ ಕೊರಳ ಕರಿಮಣಿಗೆ ಹೋಗಿತ್ತು. ಎದುರಿಗೆ ಒಬ್ಬ ಕೂತು ನಿನ್ನ ಗಂಡ ಸತ್ತ ಎಂದು ಹೇಳಿದ್ದ, ಹೇಳಿದವನು ಗಂಡನೇ ಆಗಿದ್ದ. ಅವಳಿಗೆ ಹೆದರಿಕೆಯಾಯಿತು.

ಡೊಂಬಿವಲಿಗೆ ಮರಳುವಾಗ, ಮಹಾಪೆಯ ಮೇಲಿಂದ ಹಾಯ್ದು ಬರುವ ಬಸ್ಸಿನಲ್ಲಿ, ಅವಳು ಕೇಳಿದಳು. “ಹಂಗ್ಯಾಕ ಅಂದ್ರಿ? ಬದುಕಿದ ಮನಿಶಾನ ಬಗ್ಗೆ.”

“ಮತ್ತೇನ ಅನಬೇಕಾಗಿತ್ತು? ಜಟ್ಟೆಪ್ಪ ಎಲ್ಲಿ ಅದಾನ, ತೋರಸು. ಅವಂದು ಒಂದ ಚೀಟಿ ಐತೇನು ನಿನ್ನ ಹಂತೇಕ?”

ಇರಲಿಲ್ಲ. ರೇಶನ್ ಕಾರ್ಡಿನ ಒಂದು ಸಾಲು ಬಿಟ್ಟರೆ ಮದುವೆಯ ದಾಖಲೆಯೂ ಗುರುನಾಥನ ಹೆಸರಿನದೇ. ಅವಳಿಗೆ ಚುಚ್ಚಿದ್ದು ಅದಲ್ಲ. ಅವನು ‘ಅವಂದು’ ಎಂದಿದ್ದ, ಬೇರೆ ಯಾರದೋ ಸುದ್ದಿ ಹೇಳುವವರ ಹಾಗೆ.

ಕಾಶವ್ವ ಅಫಿಡವಿಟ್ಟಿನ ಕಾಗದವನ್ನು ಮುಟ್ಟಲೂ ಇಲ್ಲ. “ಒಬ್ಬನ್ನ ಈ ಕೈಲೆ ಮಣ್ಣಿಗಿ ಇಟ್ಟೀನಿ. ಇನ್ನೊಬ್ಬನ್ನ ಇಡಂಗಿಲ್ಲ. ಕೆನಡಾ ಬ್ಯಾಡ, ಏನೂ ಬ್ಯಾಡ. ಡೊಂಬಿವಲ್ಯಾಗ ಫ್ರಿಜ್ ಕೆಡೂದಿಲ್ಲೇನು?” ಎಂದು ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು. ಮಗ ಹೇಳಿದ, ರಮಿಸಿದ, ಸಿಟ್ಟು ಮಾಡಿದ. ಮುದುಕಿ ಜಪ್ಪಯ್ಯ ಅನ್ನಲಿಲ್ಲ.

ಆಮೇಲೆ ಮನೆಯಲ್ಲಿ ಒಂದು ತರಹದ ಗಾಳಿ ಸುಳಿಯತೊಡಗಿತು. ಮೊದಲು ಎಣ್ಣೆಗಾಯಿಯ ವಿಷಯ. ಜಟ್ಟೆಪ್ಪನಿಗೆ ಬದನೆಕಾಯಿ ಕಂಡರೆ ಆಗದು, ತಾಟಿನಲ್ಲಿ ಬಿದ್ದರೆ ತಾಟು ಸರಿಸಿ ಏಳುವವನು. ಈ ಸಲ ತಾನಾಗಿ ಕೇಳಿದ, “ಯವ್ವಾ, ಎಣ್ಣಿಗಾಯಿ ಮಾಡು.” ಮೆಸ್ಸಿನಲ್ಲಿ ತಿಂದು ರೂಢಿಯಾಯಿತು ಎಂದ. ಇರಬಹುದು. ಆದರೆ ತೊಟ್ಟು ಹಿಡಿದೆತ್ತಿ ಬದನೆಯನ್ನು ಬುಡದಿಂದ ಕಚ್ಚಿ ತಿನ್ನುತ್ತಿದ್ದುದನ್ನು ಕಂಡು ಕಾಶವ್ವನ ಕೈಯ ಸೌಟು ಹಾಗೇ ನಿಂತಿತು. ಹಾಗೆ ತಿನ್ನುತ್ತಿದ್ದವನು ಗುರುನಾಥ. ಇನ್ನೊಂದು, ಗುರುನಾಥನ ಹಾಗೇ ಅವನು ಹೊರಗಿನಿಂದ ಬಂದರೆ ಮೊದಲು ಎಡಗಾಲಿನ ಚಪ್ಪಲಿ ಬಿಟ್ಟು, ಅದರ ಮೇಲೆ ಬಲಗಾಲಿನದನ್ನು ಇಡುತ್ತಿದ್ದ. ಕಾಶವ್ವ ದಿನಾ ಬಾಗಿಲಿಗೆ ಹೋಗಿ ಆ ಚಪ್ಪಲಿಗಳನ್ನು ಬೇರೆ ಮಾಡಿ ಬರುವಳು, ಮರುದಿನ ಮತ್ತೆ ಒಂದರ ಮೇಲೊಂದು. ನಾಗವೇಣಿ ಒಂದು ಮಧ್ಯಾಹ್ನ ಅವನು ಮಲಗಿದ್ದನ್ನು ನೋಡಿ ಗೋಡೆಯ ಫೋಟೋ ನೋಡಿದಳು, ಮತ್ತೆ ಅವನನ್ನು ನೋಡಿದಳು, ಎದ್ದು ಫೋಟೋವನ್ನು ತೆಗೆದು ಟ್ರಂಕಿನಲ್ಲಿಟ್ಟಳು. ಅದನ್ನು ಯಾಕೆ ತೆಗೆದೆ ಎಂದು ಅವನು ಕೇಳಲೂ ಇಲ್ಲ.

ಅಮಾವಾಸ್ಯೆ ಹತ್ತಿರ ಬಂದಾಗ ಕಾಶವ್ವ ಸೊಸೆಯನ್ನು ಮೋರಿಯ ಬಳಿಗೆ ಕರೆದಳು.

“ಅವ ಬಂದಾನ ನಾಗಿ. ಉಪಾಸ ಇಟ್ಟೀನಲ, ಹಸದು ಬಂದಾನ. ಈ ಸಲ ಎಡಿ ಇಡತೀನಿ. ಹೊಟ್ಟಿ ತುಂಬ ಉಣಿಸಿ ಕಳಸತೀನಿ. ಅವ ಹ್ವಾದರ ನನ್ನ ಜಟ್ಯಾ ನನಗ ಸಿಗತಾನ.”

“ಆ ಹೆಸರು ಬಿಟ್ಟರ ಕೆನಡಾ ಕೈ ತಪ್ಪತೈತಲ್ರಿ ಅತ್ತಿ.”

“ಹೋಗಲಿ ಬಿಡು.”

ಆಸೆ ಎಂಬುದು ಸುಲಭಕ್ಕೆ ಬಿಡುವಂಥದ್ದಲ್ಲ, ಆದರೂ ನಾಗವೇಣಿ ಬಿಟ್ಟಳು. “ಹೋಗಲಿ ಅತ್ತಿ. ನನಗೂ ನನ್ನ ಗಂಡ ಬೇಕರಿ” ಎಂದಳು.

ಅಮಾವಾಸ್ಯೆಯ ದಿನ ನಡುಮಧ್ಯಾಹ್ನಕ್ಕೆ ಅಡಿಗೆ ಮುಗಿಯಿತು. ಹೋಳಿಗೆ, ಎಣ್ಣೆಗಾಯಿ, ಕಟ್ಟಿನ ಸಾರು. ಹೊಸದೊಂದು ಬಿಳಿ ಅಂಗಿ ಮಡಿಸಿಟ್ಟು, ಅದರ ಮೇಲೆ ಗುರುನಾಥನ ಫೋಟೋ ಇಟ್ಟು, ಬಾಳೆಲೆ ಹಾಕಿ ಬಡಿಸಿ ಕಾಶವ್ವ ಒಳಗೆ ಕೂತಳು. ನಾಗವೇಣಿ, ಗಂಡ, ಕಾಂಚನಾ ಮನೆ ಮುಂದಿನ ಗ್ಯಾಲರಿಗೆ ಬಂದರು. ಬಾಗಿಲು ಮುಚ್ಚಿತು. ಇದೆಲ್ಲ ಹುಚ್ಚು ಎಂದು ಅವನು ನಕ್ಕಿದ್ದ, ಆದರೂ ಬಂದು ನಿಂತಿದ್ದ. ಕೆಳಗೆ ನಲ್ಲಿಯ ಮುಂದೆ ಯಾರೋ ಪಾತ್ರೆ ತೊಳೆಯುತ್ತಿದ್ದರು.

“ಗುರುನಾಥಾ” ಒಳಗಿನಿಂದ ಕಾಶವ್ವನ ದನಿ. “ಬಾರಪಾ, ತಪ್ಪಾಗೈತಿ ನಂದು. ಬಂದು ಉಣ್ಣು ಬಾ.”

ಗಂಡನ ನಗು ನಿಂತಿತು. ನಾಗವೇಣಿ ಅವನ ಕಡೆ ನೋಡಬಾರದೆಂದು ಕಣ್ಣು ಕೆಳಗೆ ಹಾಕಿದಳು.

“ಗುರುನಾಥಾ, ಬಾರೋ ನನ್ನಪ್ಪಾ.”

“ಬಂದೆ ಯವ್ವಾ” ಎಂದ ಅವನು.

ಎಲ್ಲಿಂದಲೋ ಕೂಗಿ ಹೇಳಿದ್ದಲ್ಲ. ಊಟಕ್ಕೆ ಕರೆದರೆ ಯಾವ ಮಗನಾದರೂ ಹೇಳುವ ಹಾಗೆ ಹೇಳಿದ. ನಾಗವೇಣಿ ಅವನ ಅಂಗಿಯ ಚುಂಗು ಹಿಡಿದಳು, ಅದು ಕೈ ಜಾರಿತು. ಅವನು ಎಡಗಾಲಿನ ಚಪ್ಪಲಿ ಬಿಟ್ಟ, ಅದರ ಮೇಲೆ ಬಲಗಾಲಿನದನ್ನಿಟ್ಟ, ಬಾಗಿಲು ದೂಡಿ ಒಳಗೆ ಹೋಗಿ ಎಲೆಯ ಮುಂದೆ ಕೂತ. ಸತ್ತವರ ಎಲೆಗೆ ಕೈ ಹಾಕಿ ತಲೆ ತಗ್ಗಿಸಿ ಉಣ್ಣತೊಡಗಿದ. ಎಷ್ಟೋ ವರ್ಷ ಉಣ್ಣದವನ ಹಾಗೆ ಉಂಡ. ಎಣ್ಣೆಗಾಯಿ ಮುಗಿಸಿ, “ಇನ್ನೊಂದ ಹಾಕು” ಎಂದ. ಕಾಶವ್ವ ಹಾಕಿದಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಅವನು ಕೈ ತೊಳೆಯಲು ಎದ್ದ ಮೇಲೆ ಮುದುಕಿ ಬಾಗಿಲಿಗೆ ಬಂದು ನಿಂತಿದ್ದ ಸೊಸೆಗೆ ಹೇಳಿದಳು, “ಆ ಕಾಗದಾ ತಾ.”

“ಬ್ಯಾಡರಿ ಅತ್ತಿ. ನಿಮ್ಮ ಕಾಲ ಬೀಳತೀನಿ.”

“ತಾ ನಾಗಿ. ಕರದವರು ಬಂದಾರ. ಬಂದವನು ಗುರುನಾಥ. ನನ್ನ ಜಟ್ಯಾ ಯಾವಾಗ ಹ್ವಾದನೋ ಏನೋ, ಪರದೇಶದಾಗ, ನನಗ ತಿಳೀಲೇ ಇಲ್ಲ.”

ಕಾಶವ್ವ ಶಾಯಿಯ ಪ್ಯಾಡಿಗೆ ಹೆಬ್ಬೆರಳು ಒತ್ತಿ, ಜಟ್ಟೆಪ್ಪ ಎಂಬ ತನ್ನ ಮಗ ಸತ್ತಿದ್ದಾನೆ ಎಂಬ ಮಾತಿನ ಕೆಳಗೆ ಒತ್ತಿದಳು. ಮಗ ಕೈ ಒರೆಸಿಕೊಳ್ಳುತ್ತ ಬಂದು ಕಾಗದ ನೋಡಿದ. “ಚೊಲೋ ಆತು ಯವ್ವಾ” ಎಂದ. ಅದನ್ನು ಆರಿಸಲು ಹಿಡಿದುಕೊಂಡು ಗ್ಯಾಲರಿಗೆ ನಡೆದ.

ಕಾಶವ್ವ ಉಂಡ ಎಲೆ ಎತ್ತಿದಳು. ನೆಲ ಸಾರಿಸಿದಳು. ಟ್ರಂಕಿನ ತಳದಿಂದ ಹಳೆಯದೊಂದು ನೀಲಿ ಅಂಗಿ ತೆಗೆದಳು, ವರ್ಕ್‌ಶಾಪಿನದು, ಎಣ್ಣೆಯ ಕಲೆ ಇನ್ನೂ ಹೋಗಿರಲಿಲ್ಲ. ಅದನ್ನು ಮಡಿಸಿಟ್ಟು ಇನ್ನೊಂದು ಎಲೆ ಹಾಕಿದಳು. ಬದನೆಕಾಯಿ ಬಿಟ್ಟು ಎಲ್ಲ ಬಡಿಸಿದಳು. “ನೀ ಹೊರಗ ನಡಿ” ಎಂದಳು ಸೊಸೆಗೆ. ನಾಗವೇಣಿ ಕಾಲೆಳೆದುಕೊಂಡು ಹೊರಗೆ ಬಂದು ಬಾಗಿಲು ಮುಚ್ಚಿದಳು.

“ಜಟ್ಯಾ” ಎಂಬ ದನಿ ಕೇಳಿತು. “ಬಾರೋ ಕೂಸ. ಬಾ, ಉಣ್ಣು ಬಾ.”

ಗಂಡ ಕಟಕಟೆಗೆ ಒರಗಿ ಕಾಗದವನ್ನು ಬಿಸಿಲಿಗೆ ಹಿಡಿದಿದ್ದ. ಅಜ್ಜಿ ಯಾರನ್ನು ಕರೆಯುತ್ತಿದ್ದಾಳೆಂದು ಕಾಂಚನಾ ಅವನ ಪ್ಯಾಂಟು ಎಳೆದು ಹಿಂದಿಯಲ್ಲಿ ಕೇಳಿದಳು, “ಪಪ್ಪಾ, ಆಜೀ ಕಿಸ್‌ಕೋ ಬುಲಾ ರಹೀ ಹೈ?”

“ಪತಾ ನಹೀಂ ಬೇಟಾ” ಎಂದ, ನಿಜಕ್ಕೂ ಗೊತ್ತಿಲ್ಲದವನ ಹಾಗೆ.

“ಜಟ್ಯಾ, ಬಾರೋ.”

ನಾಗವೇಣಿಗೆ ತಡೆಯಲಾಗಲಿಲ್ಲ. ಹೆಸರು ಹಿಡಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದರೆ ಆಗಲಿ, ಇನ್ನು ಕಡಿಮೆಯಾಗಲು ಉಳಿದದ್ದಾದರೂ ಏನು? ಹೊಸ್ತಿಲಲ್ಲಿ ತಲೆ ತಗ್ಗಿಸಿ ಹೇಳಿದ್ದ ಹೆಸರನ್ನು ಅವಳು ಈ ಸಲ ತಲೆ ಎತ್ತಿ, ಅವನ ಬೆನ್ನಿಗೆ ಹೇಳಿದಳು.

“ಜಟ್ಟೆಪ್ಪಾ.”

ಅವನು ತಿರುಗಿದ. ಅವಳ ಮುಖ ನೋಡಿದ. ಆಮೇಲೆ ಅವಳನ್ನು ದಾಟಿ ಗ್ಯಾಲರಿಯ ಉದ್ದಕ್ಕೂ, ಜೀನೆಯ ಮೆಟ್ಟಿಲ ತನಕ ಕಣ್ಣು ಹಾಯಿಸಿದ. ಅಲ್ಲಿ ಯಾರೂ ಇರಲಿಲ್ಲ.

“ಯಾರನ್ನ ಕರದಿ?” ಎಂದ.

ಒಳಗೆ ಕಾಶವ್ವನ ದನಿ ನಿಂತಿತ್ತು. ನಾಗವೇಣಿ ಒಮ್ಮೆ ಕೆಮ್ಮಿ ಬಾಗಿಲು ತೆರೆದಳು.