ಗಂಗಹನುಮಯ್ಯನವರ ಕೋಳಿವಂಶ

ಮುಖ ತೊಳೆದ ಕೈ ಇನ್ನೂ ಒದ್ದೆಯಾಗಿರುವಾಗಲೇ, ಕಾಫಿಗೆ ಒಲೆ ಹಚ್ಚುವ ಮೊದಲೇ, ಗಂಗಹನುಮಯ್ಯನವರು ಗೂಡಿನ ಮುಂದೆ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದರು. ಬಾಗಿಲನ್ನು ಒಂದು ಕೋಳಿ ನುಸುಳುವಷ್ಟು ಮಾತ್ರ ಸರಿಸಿ, ಹೊರಗೆ ಬಂದದ್ದನ್ನು ಎರಡೂ ಅಂಗೈಯಲ್ಲಿ ಎತ್ತಿಕೊಂಡು, ಮೊದಲು ಕಣ್ಣು ನೋಡಿ, ಆಮೇಲೆ ಜುಟ್ಟು ನೋಡಿ, ಎದೆಯ ಮೂಳೆಯ ಮೇಲೆ ಹೆಬ್ಬೆರಳು ಎಳೆದು, ಕೊನೆಗೆ ಕಾಲಿನ ಚಿಪ್ಪುಗಳ ಸಾಲನ್ನು ನೋಡಿ, ಗುಟ್ಟು ಹೇಳುವಷ್ಟು ಮೆಲ್ಲಗೆ ಅದರ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರು ಹೇಳಿ ನೆಲಕ್ಕೆ ಬಿಡುತ್ತಿದ್ದರು. "ಬೂದಿ ಮಗ್ಳು ಕೆಂಚಿ. ಕೆಂಚಿ ಮಗ್ಳು ಕರಿಕೊರಳಿ. ಕರಿಕೊರಳಿ ಮಗ್ಳು ನೀನು, ನಡಿ." ಜ್ವರದ ದಿನವೂ ಇದು ತಪ್ಪಲಿಲ್ಲ. ತಾಯಿಯನ್ನು ಮಣ್ಣು ಮಾಡಿದ ಮರುಬೆಳಗ್ಗೆಯೂ ಗೂಡಿನ ಮುಂದೆ ಕೂತಿದ್ದರೆಂದು ಅವರ ತಂಗಿ ಸಿದ್ದಗಂಗಮ್ಮ ಇಂದಿಗೂ ಆಡಿಕೊಳ್ಳುತ್ತಾರೆ. ನಾನು ದಿನವೂ ದೇವರ ಮುಂದೆ ಕೂತು ನಾಮ ಹೇಳುವವಳು. ನಡುವೆ ಮನಸ್ಸು ಒಲೆಯ ಮೇಲಿನ ಹಾಲಿನ ಕಡೆಗೆ ಓಡಿದ್ದುಂಟು. ಅವರ ಮನಸ್ಸು ಹಾಗೆ ಓಡಿದ್ದನ್ನು ನಾನು ಕಾಣಲಿಲ್ಲ.

ನನ್ನ ಯಜಮಾನರೂ ಅವರೂ ತುಮಕೂರಿನ ಅಂತರಸನಹಳ್ಳಿಯ ಒಂದೇ ಕಾರ್ಖಾನೆಯಲ್ಲಿ ಫಿಟ್ಟರುಗಳು. ನಮ್ಮವರು ಬಟವಾಡಿಯಲ್ಲಿ ಮನೆ ಮಾಡಿದರೆ, ಅವರು ಮೂವತ್ತು ವರ್ಷವೂ ಅಮೃತೂರಿನ ಆಚೆಯ ತಮ್ಮ ತೆಂಗಿನ ತೋಟದಿಂದಲೇ ಎರಡು ಬಸ್ಸು ಬದಲಾಯಿಸಿ ಬಂದರು. ಕೋಳಿಗಳನ್ನು ಬಿಟ್ಟು ಒಂದು ರಾತ್ರಿ ಹೊರಗೆ ಮಲಗಲಾರರು ಎಂಬುದಷ್ಟೇ ಕಾರಣ. ನಿವೃತ್ತರಾದ ಮೇಲೂ ಕಾರ್ಖಾನೆಯ ನೀಲಿ ಕೋಟನ್ನು ಅವರು ಬಿಡಲಿಲ್ಲ. ಸ್ಪ್ಯಾನರು ಇರುತ್ತಿದ್ದ ಜೇಬಿನಲ್ಲಿ ಈಗ ರಾಗಿ, ನುಚ್ಚು. ಉದ್ದನೆಯ ಆಳು, ಹೆಜ್ಜೆಯನ್ನು ಎತ್ತಿ, ಒಂದು ಕ್ಷಣ ತಡೆದು, ನೆಲ ಗಟ್ಟಿಯಿದೆಯೇ ಎಂದು ಕೇಳಿ ಇಟ್ಟಂತೆ ಇಡುವರು. ಏನನ್ನಾದರೂ ಗಮನವಿಟ್ಟು ನೋಡಬೇಕಾದರೆ ಕತ್ತು ವಾಲಿಸಿ ಒಂದೇ ಕಣ್ಣಿನಿಂದ ನೋಡುವರು. ಯಾರು ಏನೇ ಹೇಳಲಿ, "ಇರ್ಲಿ, ನೋಡಾನ" ಎನ್ನುವರು. ನನ್ನ ಯಜಮಾನರು ತೀರಿಕೊಂಡ ಸುದ್ದಿಯನ್ನು ಫೋನಿನಲ್ಲಿ ಹೇಳಿದಾಗಲೂ ಆ ತುದಿಯಿಂದ ಅಭ್ಯಾಸಬಲದಿಂದ "ಇರ್ಲಿ, ನೋಡಾ—" ಎಂದು ಹೊರಟ ಮಾತು ನಡುವೆಯೇ ಮುರಿಯಿತು.

ಅವರು ಸಾಕಿದ್ದು ಅಸೀಲ್ ಕೋಳಿ, ಅವರಜ್ಜನ ಕಾಲದಿಂದ ಬೇರೆ ರಕ್ತ ಸೇರದೆ ಬಂದ ಒಂದೇ ಸಂತತಿ. ಅದರ ಲಕ್ಷಣಗಳನ್ನು ಅವರ ಬಾಯಿಂದ ಕೇಳಿಯೇ ನಾನು ಕಲಿತೆ. ನಿಂತರೆ ನೆಟ್ಟಗೆ ನಿಲ್ಲಬೇಕು. ಜುಟ್ಟು ತಲೆಗಂಟಿದ ಮೂರು ಸಾಲು ಬಟಾಣಿಯಂತಿರಬೇಕು, ಗರಗಸದಂತೆ ಎದ್ದಿರಬಾರದು. ಗಲ್ಲದ ಕೆಳಗೆ ಜೋಲು ಇದ್ದೂ ಇಲ್ಲದಂತಿರಬೇಕು. ಪುಕ್ಕ ಬಿಗಿಯಾಗಿ ಮೈಗಂಟಿ ಎದೆಯ ಮೂಳೆಯ ಬಳಿ ಕೆಂಪು ಚರ್ಮ ಕಾಣಬೇಕು. ಎಲ್ಲಕ್ಕಿಂತ ಮಿಗಿಲಾಗಿ ಕಣ್ಣು: ಮುತ್ತಿನಂತೆ ಬೆಳ್ಳಗಿನ ಕಣ್ಣು. "ಆದ್ರೆ ತಾಯಿ, ಮರೀಲಿ ಕಣ್ಣು ನೋಡಿ ತೀರ್ಮಾನ ಮಾಡಬಾರ್ದು," ಎಂದು ಅವರೇ ನನಗೆ ಹೇಳಿದ್ದರು. "ಜೇನಿನ ಬಣ್ಣ ಇರ್ತದೆ. ವರ್ಷ ದಾಟಿದ್ಮೇಲೆ, ಕೆರೆ ನೀರು ತಿಳಿಯಾಯ್ತದಲ್ಲ, ಹಂಗೆ ತಿಳಿಯಾಯ್ತದೆ. ಕಾಯಬೇಕು."

ಕೋಳಿ ಕಾಳಗದ ಜೂಜಿನವರು ಎಷ್ಟು ಕೇಳಿದರೂ ಅವರು ಹುಂಜ ಕೊಟ್ಟವರಲ್ಲ. ಕೋಳಿ ನೋಡಿ ಹೇಳುವುದು ಮಾತ್ರ ಧಾರಾಳ. ಒಮ್ಮೆ ಗುಬ್ಬಿಯ ಸಂತೆಯಲ್ಲಿ ಮೀಸೆಯವನೊಬ್ಬ ಹುಂಜವನ್ನು ಎತ್ತಿ ಹಿಡಿದು ಅಸಲಿ ತಳಿ ಎಂದು ಕೂಗುತ್ತಿದ್ದ. ಇವರು ಹೋಗಿ ಕತ್ತು ವಾಲಿಸಿ ಕಾಲು ನೋಡಿ, "ಇದ್ರಜ್ಜಿ ಫಾರಂನೋಳು," ಎಂದುಬಿಟ್ಟರು. ಅವನು ಕೆರಳಿ, "ನಿಮ್ಮಜ್ಜಿ ಎಲ್ಲಿಯೋಳು ಅಂತ ಗೊತ್ತೇನಯ್ಯಾ ನಿಂಗೆ?" ಎಂದ. ನೆರೆದವರು ನಕ್ಕರು. ಇವರು ಮಾತ್ರ ನಗದೆ, ಅದೊಂದು ನ್ಯಾಯವಾದ ಪ್ರಶ್ನೆಯೆಂದೇ ತಿಳಿದು, "ನಮ್ಮಜ್ಜಿ ಹುಲಿಯೂರುದುರ್ಗದೋಳು. ಅವ್ರವ್ವನ ಊರು ಗೊತ್ತಿಲ್ಲ," ಎಂದು ಉತ್ತರ ಕೊಟ್ಟು ಬಂದರು.

ಮದುವೆಯಾಗಲಿಲ್ಲ. ಏಳೆಂಟು ಕಡೆ ಹೆಣ್ಣು ನೋಡಿದ್ದರಂತೆ. ಗುಬ್ಬಿಗೆ ಕೊಟ್ಟ ತಂಗಿ ಸಿದ್ದಗಂಗಮ್ಮ ಆ ಕಥೆಯನ್ನು ಅಣ್ಣನ ಎದುರೇ ಹೇಳುತ್ತಿದ್ದರು: "ಹೆಣ್ಣು ಕಾಫಿ ತಟ್ಟೆ ಹಿಡ್ಕಂಡು ಬಂದ್ರೆ ಇವ್ನು ಮುಖ ನೋಡ್ಬೇಕೋ ಬ್ಯಾಡ್ವೋ? ಕಾಲು ನೋಡ್ಕಂಡು ಕೂತವ್ನೆ! ಮನೇಗ್ ಬಂದು 'ಇರ್ಲಿ, ನೋಡಾನ' ಅನ್ನೋದು. ನೋಡಾನ ನೋಡಾನ ಅಂತ ಅವ್ರೆಲ್ಲ ಅಜ್ಜೀರಾದ್ರು." ಗಂಗಹನುಮಯ್ಯನವರು ಜೇಬಿನ ನುಚ್ಚನ್ನು ಬೆರಳಿನಿಂದ ಕದಡುತ್ತಿದ್ದರು. ತಾಯಿ ಹೋದ ಮೇಲೆ ಆ ಮನೆಯಲ್ಲಿ ದಿನಕ್ಕೆ ಹತ್ತು ಮಾತು ಕೇಳಿಸಿದ್ದರೆ ಹತ್ತೂ ಕೋಳಿಗಳೊಂದಿಗೆ ಆಡಿದವೇ ಇರಬೇಕು.

ಕಳೆದ ವರ್ಷ ಶಿವರಾತ್ರಿಗೆ ಮುಂಚೆ ಅವರಿಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ತುಮಕೂರಿನಲ್ಲಿ ಆಪರೇಷನ್; ಮೂರು ದಿನ ಬಟವಾಡಿಯ ನಮ್ಮ ಮನೆಯಲ್ಲಿದ್ದರು. ನಸುಕಿನಲ್ಲಿ ನಾನು ಬಾಗಿಲಿಗೆ ನೀರು ಹಾಕಲು ಹೋದರೆ, ಹಸಿರು ಪಟ್ಟಿ ಕಟ್ಟಿದ ಕಣ್ಣಿನಲ್ಲಿ ಜಗಲಿಯ ಮೇಲೆ ಕೂತು, ಬರಿಗೈಯನ್ನು ಎದೆಯ ಮುಂದೆ ಬಟ್ಟಲು ಮಾಡಿಕೊಂಡು, ಒಂದೊಂದಾಗಿ ಹೆಸರು ಹೇಳಿ ಗಾಳಿಗೆ ಬಿಡುತ್ತಿದ್ದರು. ಹೆದ್ದಾರಿಯ ಲಾರಿಗಳ ಸದ್ದಿನಲ್ಲಿ ಅವರ ತುಟಿ ಮಾತ್ರ ಕಾಣುತ್ತಿತ್ತು.

ಆ ಮೂರು ದಿನದಲ್ಲಿ ಪಕ್ಕದ ತೋಟದ ಶಿವಮೂರ್ತಿಯ ಫಾರಂ ಹುಂಜ ಬೇಲಿ ಹಾರಿ ಬಂದಿತ್ತು. ಶಿವಮೂರ್ತಿ ಒಳ್ಳೆಯವನು, ತಾನೇ ಬಂದು ಹೇಳಿದ. ಹಾಗೆ ಬೇರೆ ಹುಂಜ ಸೇರಿದರೆ ಮೂರು ವಾರದ ಮೊಟ್ಟೆಯನ್ನು ಕಾವಿಗೆ ಇಡಬಾರದು ಎಂಬುದು ಈ ಕಸುಬಿನವರ ನಿಯಮ. ಗಂಗಹನುಮಯ್ಯನವರು ಮೂರರ ಬದಲು ನಾಲ್ಕು ವಾರದ ಮೊಟ್ಟೆಗಳನ್ನು ಅಂಗನವಾಡಿಗೆ ಕೊಟ್ಟು, ಆಮೇಲಿನವನ್ನೇ ಕಾವಿಗಿಟ್ಟರು. ಹದ್ದು, ಮುಂಗುಸಿಯ ಪಾಲಾದವು ಹೋಗಿ ಒಂಬತ್ತು ಹ್ಯಾಟೆಗಳು, ಇನ್ನೂ ಮೊಟ್ಟೆಗೆ ಬಾರದ ಎಳೆಯ ಹೆಣ್ಣುಗಳು, ಉಳಿದವು. ಜುಟ್ಟು ಸರಿಯಿತ್ತು, ಕಾಲು ಸರಿಯಿತ್ತು, ನಿಲುವು ಸರಿಯಿತ್ತು. ಕಣ್ಣು ಮಾತ್ರ ಜೇನಿನ ಬಣ್ಣ; ಆ ವಯಸ್ಸಿನಲ್ಲಿ ಇರಬೇಕಾದ ಬಣ್ಣವೇ. ಆದರೆ ಅನುಮಾನ ಒಮ್ಮೆ ಗೂಡಿನೊಳಗೆ ಹೊಕ್ಕಿತ್ತು. ಪೊರೆ ಹರಿದ ಹೊಸ ಕಣ್ಣಿಗೆ ಆ ಜೇನುಬಣ್ಣ ದಿನದಿನಕ್ಕೂ ಗಾಢವಾಗಿ ಕಂಡಿತೇನೋ. ಇತರರಿಗೆಲ್ಲ ಕಾಯಬೇಕು ಎಂದು ಹೇಳಿದವರು ತಾವು ಕಾಯಲಿಲ್ಲ. ದಸರೆಯ ಹೊತ್ತಿಗೆ ಒಂಬತ್ತನ್ನೂ ಹಂಚಿಬಿಟ್ಟರು. ನನಗೊಂದನ್ನು ತಂದುಕೊಟ್ಟು, "ಬೆರಕೆ ಇದು, ತಾಯಿ. ಮೊಟ್ಟೆಗೆ ಇಟ್ಕಳಿ," ಎಂದರು. ಹೇಳುವಾಗ ಅದರ ಮುಖ ನೋಡಲಿಲ್ಲ.

ಕೊಟ್ಟ ಮನೆಗಳಲ್ಲಿ ಮಿಕ್ಕ ಎಂಟು ಯುಗಾದಿಯವರೆಗೆ ಬದುಕಿದವು. ಮರುದಿನದ ವರ್ಷತೊಡಕಿನ ಬಾಡೂಟಕ್ಕೆ ನಮ್ಮ ಸೀಮೆಯಲ್ಲಿ ಯಾವ ಮನೆಯ ಒಲೆಯ ಮೇಲೆ ಏನು ಬೇಯುತ್ತದೆಂದು ಹೇಳಬೇಕಾಗಿಲ್ಲ. ಅದಾದ ತಿಂಗಳಿಗೆ ಕೊಕ್ಕರೆ ರೋಗ ಬಂದು, ಅವರ ಗೂಡಿನಲ್ಲಿದ್ದ ಹಳೆಯ ಹೇಂಟೆಗಳು ಕತ್ತು ತಿರುಚಿಕೊಂಡು ಒಂದೇ ವಾರದಲ್ಲಿ ಮುಗಿದವು. ಉಳಿದದ್ದು ಒಂದು ಮುದಿ ಹುಂಜ. ಹೆಣ್ಣಿಲ್ಲದೆ ಅದರೊಂದಿಗೆ ಅಜ್ಜನ ಸಂತತಿಯೂ ಮುಗಿಯುವುದಿತ್ತು.

ನಾನು ಮಾಂಸ ಬಿಟ್ಟು ಹನ್ನೊಂದು ವರ್ಷ. ಹಾಗಾಗಿ ನನ್ನ ಹ್ಯಾಟೆ ಒಗೆಯುವ ಕಲ್ಲಿನ ಪಕ್ಕ ನಿಶ್ಚಿಂತೆಯಾಗಿ ಬೆಳೆದು ಹೇಂಟೆಯಾಯಿತು. ಶ್ರಾವಣದ ಎರಡನೆಯ ಶನಿವಾರ ತುಳಸಿಗೆ ದೀಪವಿಟ್ಟು ತಿರುಗಿದೆ; ಅದು ನನ್ನನ್ನೇ ನೋಡುತ್ತಿತ್ತು. ಕಣ್ಣು ಬೆಳ್ಳಗಿತ್ತು. ದೀಪದ ಬೆಳಕಿರಬೇಕೆಂದು ಬೆಳಗಾದ ಮೇಲೆ ಹಿಡಿದು ನೋಡಿದೆ. ಮುತ್ತು.

ಸೋಮವಾರವೇ ವೈರ್ ಬ್ಯಾಗಿನಲ್ಲಿ ಅದನ್ನು ಕೂರಿಸಿಕೊಂಡು ಕುಣಿಗಲ್ ಬಸ್ಸು ಹತ್ತಿದೆ. ಕಂಡಕ್ಟರು ಬ್ಯಾಗಿನೊಳಗೆ ಬಗ್ಗಿ, "ಕೋಳಿಗೆ ಟಿಕೆಟ್ ಆಯ್ತದೆ ಕಣಮ್ಮ," ಎಂದ.

"ಹೆಣ್ಣು ಕಣಪ್ಪ ಅದೂ. ಹೆಂಗಸ್ರಿಗೆ ಫ್ರೀ ಅಲ್ವಾ?" ಎಂದೆ.

"ಆಧಾರ್ ಕಾರ್ಡ್ ತೋರ್ಸಕ್ಕೇಳಿ ಮತ್ತೆ," ಎಂದು ನಕ್ಕು ಮುಂದೆ ಹೋದ.

ಕುಣಿಗಲ್ಲಿನಲ್ಲಿ ಬಸ್ಸು ಬದಲಾಯಿಸಿ, ಅಮೃತೂರಿನಲ್ಲಿ ಇಳಿದು ತೋಟ ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ಗಂಗಹನುಮಯ್ಯನವರು ಜಗಲಿಯಲ್ಲಿ ಕೂತಿದ್ದರು. ಮುದಿ ಹುಂಜ ತೆಂಗಿನ ಬುಡದ ನೆರಳಿನಲ್ಲಿ ಒಂದೇ ಕಾಲಿನ ಮೇಲೆ ನಿಂತಿತ್ತು. ನಾನು ಹೇಂಟೆಯನ್ನು ಅವರ ಕೈಗಿಟ್ಟೆ. ಕಣ್ಣು, ಜುಟ್ಟು, ಎದೆಮೂಳೆ, ಕಾಲು. ಆಮೇಲೆ ಮತ್ತೆ ಕಣ್ಣು. ಅವರ ಹೆಬ್ಬೆರಳು ಎದೆಮೂಳೆಯ ಮೇಲೆ ಬಹಳ ಹೊತ್ತು ನಿಂತಿತು.

"ಅಸಲಿ," ಎಂದರು.

ಬೇಲಿಯಾಚೆಯಿಂದ ಇಣುಕಿದ ಶಿವಮೂರ್ತಿ, "ಅಯ್ಯೋ, ಇದ್ಕೂ ಕಣ್ಣು ಬೆಳ್ಳಗಾಗೈತಾ! ನಮ್ಮನೇದ್ಕೂ ಹಿಂಗೇ ಶುರುವಾಗಿತ್ತು ಕಣಣ್ಣ ಯುಗಾದಿ ಹೊತ್ಗೆ. ಕಣ್ಣು ಹೋಯ್ತೈತೆ ಅಂತ ನಾನು ಕುಯ್ದುಬುಟ್ಟೆ," ಎಂದ. ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಹೊಳೆದು, "ನೀನೂ ಒಂದ್ಮಾತು ಹೇಳ್ಬಾರ್ದಿತ್ತಾ," ಎಂದು ಗೊಣಗಿ ಸರಿದುಹೋದ.

"ಇಲ್ಲೇ ಬಿಟ್ಟು ಹೋಗ್ತೀನಿ ಹನುಮಣ್ಣ," ಎಂದೆ. "ನಿಮ್ದೇ ಕೋಳಿ. ಹುಂಜ ಇನ್ನೂ ಐತಲ್ಲ."

"ಬ್ಯಾಡ ತಾಯಿ."

ಗುಣದೋಷಗಳನ್ನು ಅಳೆದು ತೂಗಿ ತೀರ್ಪು ಕೊಡುವುದನ್ನೇ ಬಾಳಾಗಿಸಿಕೊಂಡ ಜನ ಹೀಗೆಯೇ ಇರುತ್ತಾರೆಂದು ನನಗೆ ಆ ಹೊತ್ತಿನಲ್ಲಿ ತೋಚಿತು. ಅವರ ಕಣ್ಣು ಲೋಕದ ಮೇಲೆ ಎಷ್ಟು ಕಠಿಣವೋ ತಮ್ಮ ಮೇಲೆ ಅದಕ್ಕಿಂತ ಕಠಿಣ. ತಪ್ಪು ಮಾಡಿದವರನ್ನು ದೇವರು ಕ್ಷಮಿಸುತ್ತಾನೆಂದು ನಾವು ಹರಕೆ ಹೊತ್ತು, ದೀಪ ಹಚ್ಚಿ, ಹಗುರಾಗಿ ಮನೆಗೆ ಬರುತ್ತೇವೆ. ಇವರಿಗೆ ಆ ಬಾಗಿಲಿಲ್ಲ. ಕಳೆದುಕೊಂಡದ್ದು ಕಾಲ ಬಳಿಗೇ ನಡೆದು ಬಂದರೂ, ಅದನ್ನು ಎತ್ತಿಕೊಳ್ಳುವ ಯೋಗ್ಯತೆ ತಮಗಿದೆಯೇ ಎಂದು ಮೊದಲು ನೋಡಿಕೊಳ್ಳುವರು. ಒಂಟಿತನ ಇಂಥವರನ್ನು ಹುಡುಕಿಕೊಂಡು ಬರುವುದಿಲ್ಲ. ಅವರೇ ಅದನ್ನು ಲಕ್ಷಣ ನೋಡಿ ಆರಿಸಿಕೊಂಡಿರುತ್ತಾರೆ.

ಆದರೂ ಮನಸ್ಸು ತಡೆಯಲಿಲ್ಲ. "ಒಂದೇ ಒಂದು ಕಾವಿಗೆ ಇರ್ಲಿ ಅಣ್ಣ. ಮರಿ ಆದ್ಮೇಲೆ ನಾನೇ ಬಂದು ಕರ್ಕೊಂಡು ಹೋಗ್ತೀನಿ. ನಿಮ್ಮಜ್ಜನ ಸಂತತಿ ಉಳೀತದೆ."

ಅವರು ಹೇಂಟೆಯನ್ನು ಬ್ಯಾಗಿನೊಳಗೆ ಕೂರಿಸಿ, ರೆಕ್ಕೆ ಮಡಚಿ, ಜೇಬಿನ ನುಚ್ಚನ್ನೆಲ್ಲ ಅದರ ಮುಂದೆ ಸುರಿದು, ಬ್ಯಾಗಿನ ಹಿಡಿಯನ್ನು ನನ್ನ ಕಡೆಗೆ ತಿರುಗಿಸಿದರು.

"ಕಣ್ಣು ಬೆಳ್ಳಗಾಯ್ತು ಅಂತ ಇದ್ನ ಒಳಕ್ ಕರ್ಕಂಡ್ರೆ," ಎಂದರು, "ಮಿಕ್ಕ ಎಂಟು ಏನ್ ತಪ್ಪು ಮಾಡಿದ್ವು, ಹೇಳಿ? ತಗಂಡೋಗಿ ತಾಯಿ. ನಾಲ್ಕು ಗಂಟೆ ಬಸ್ ತಪ್ಪೋಯ್ತದೆ."