ನನ್ನ ಕಡೆಯಿಂದ ಬಂದಿದ್ದು

ಮಗುವಿಗೆ ಎರಡು ವರ್ಷ ತುಂಬಿದರೂ ನಿಲ್ಲಲು ಬರುತ್ತಿರಲಿಲ್ಲ. ದೋಷ ಸೊಸೆಯ ತವರಿನದು ಎಂದು ಅಜ್ಜಿ ಹಟ ಹಿಡಿದಿದ್ದಳು. ಹೊಲಿಗೆ ಕೆಲಸದ ಸೊಸೆ ಎದುರಾಡದೆ ಯಂತ್ರ ತುಳಿಯುತ್ತಿದ್ದಳು. ಅವಳ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅಮ್ಮನಿಗೂ ಹೆಂಡತಿಗೂ ನಡುವೆ ಅವನು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾಗಿದ್ದ.

ಮಗುವಿನ ರಕ್ತ ಪರೀಕ್ಷೆ ಮಾಡಿಸಿದಾಗ, ಅಪ್ಪ ಅಮ್ಮನಿಂದ ಬರುವ ಗುಣಗಳನ್ನು ಹೊತ್ತ ವರ್ಣತಂತುಗಳಲ್ಲಿ ಒಂದರ ತುಂಡು ಕಳಚಿ ಇನ್ನೊಂದಕ್ಕೆ ಅಂಟಿಕೊಂಡಿರುವುದು ತಿಳಿಯಿತು. ಅಂಟುವಾಗ ಸ್ವಲ್ಪ ಭಾಗ ಕಳೆದೂ ಹೋಗಿತ್ತು. ಆಸ್ಪತ್ರೆಯ ಸಲಹೆಗಾರ್ತಿ ಅಪ್ಪ, ಅಮ್ಮ ಇಬ್ಬರ ರಕ್ತವನ್ನೂ ಕೇಳಿದಳು.

"ನನ್ನದ್ಯಾಕೆ? ನಾನು ಗಟ್ಟಿಮುಟ್ಟಾಗೇ ಇದೀನಲ್ಲ," ಎಂದ ಮೆಕ್ಯಾನಿಕ್.

"ಮಗು ಇಬ್ಬರದೂ ತಾನೇ ಅಣ್ಣಾ?"

ಅವನು ತೋಳು ಚಾಚಿದ.

ವರದಿ ಬಂದ ದಿನ ಅವನೊಬ್ಬನೇ ಹೋಗಿದ್ದ. ಇಬ್ಬರ ರಕ್ತದಲ್ಲೂ ಆ ಬದಲಾವಣೆ ಇರಲಿಲ್ಲ. ಅದು ಮಗುವಿನಲ್ಲೇ ಹೊಸದು. ಆದರೆ ಮೂವರ ರಕ್ತವನ್ನೂ ಹೋಲಿಸಿದಾಗ, ಬದಲಾದ ವರ್ಣತಂತು ಬಂದದ್ದು ಅಪ್ಪನಿಂದ ಎಂದು ಗೊತ್ತಾಗಿತ್ತು. ಗಂಡಸಿನ ದೇಹದಲ್ಲಿ ದಿನವೂ ಕೋಟಿಗಟ್ಟಲೆ ವೀರ್ಯಾಣು ತಯಾರಾಗುತ್ತವೆ, ಒಮ್ಮೊಮ್ಮೆ ಎಡವಟ್ಟಾಗುತ್ತದೆ, ಇಂಥ ಹೊಸ ಅದಲುಬದಲು ಹೆಚ್ಚಾಗಿ ಅಪ್ಪನ ಕಡೆಯಿಂದಲೇ ಬರುತ್ತದೆ ಎಂದು ಸಲಹೆಗಾರ್ತಿ ವಿವರಿಸಿದಳು. ಇದು ಯಾರೋ ಏನೋ ತಿಂದದ್ದರಿಂದ ಆದದ್ದಲ್ಲ, ಮಾಡಿದ್ದರಿಂದಲೂ ಅಲ್ಲ. ಮಗುವಿಗೆ ಬೇಗ ವ್ಯಾಯಾಮ ಶುರುಮಾಡಿ ಎಂದಳು. ಮುಂದಿನ ಮಗುವಿಗೂ ಹೀಗಾಗುವ ಸಂಭವ ತೀರಾ ಕಡಿಮೆ, ಆದರೂ ಮೊದಲೇ ಬಂದು ಕೇಳಿ ಎಂದಳು.

ಮನೆಗೆ ಬಂದಾಗ ಅಜ್ಜಿ ಪಕ್ಕದ ಮನೆಯವರ ಮುಂದೆ ಹಳೇ ರಾಗವನ್ನೇ ಎಳೆಯುತ್ತಿದ್ದಳು. ಅವನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನು ಬಾಗಿಲಲ್ಲೇ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ.

"ಅಮ್ಮಾ, ಅದು ನನ್ನ ಕಡೆಯಿಂದ ಬಂದಿದ್ದು. ಇವಳ ತವರಿನ ಹೆಸರು ಇನ್ನು ಎತ್ತಬೇಡ."

ಹೊಲಿಗೆ ಯಂತ್ರ ನಿಂತಿತು. ಸೊಸೆ ತಲೆಯೆತ್ತಿ ಗಂಡನನ್ನೇ ನೋಡಿದಳು.

"ಹಾಗಾದ್ರೆ ನಮ್ಮ ವಂಶದ್ದಾ?" ಅಜ್ಜಿಯ ದನಿ ಇಳಿಯಿತು.

"ಯಾರ ವಂಶದ್ದೂ ಅಲ್ಲಮ್ಮ. ಹೊಸದಾಗಿ ಆಗಿದ್ದು. ಯಾರ ತಪ್ಪೂ ಇಲ್ಲ."

ಅಂಥ ಮಾತಾಡಲು ಗಂಡೆದೆ ಬೇಕು. ಅಜ್ಜಿಯೂ ಕಡಿಮೆಯವಳಲ್ಲ. ಅಷ್ಟು ಜನರ ಮುಂದೆಯೇ ಸೊಸೆಯ ಕೈ ಹಿಡಿದು, "ಸುಮ್ಮಸುಮ್ಮನೆ ಅಂದುಬಿಟ್ಟೆ ಕಣಮ್ಮ," ಎಂದಳು. ಮರುದಿನದಿಂದ ಮಗುವನ್ನು ವ್ಯಾಯಾಮಕ್ಕೆ ತಾನೇ ಎತ್ತಿಕೊಂಡು ಹೋಗತೊಡಗಿದಳು. ವ್ಯಾಯಾಮ ಶುರುವಾದ ಐದನೇ ತಿಂಗಳಿಗೆ ಮಗು ಗೋಡೆ ಹಿಡಿದು ನಿಂತಿತು.

ನಿಮ್ಮ ಮನೆಯ ಮಗು ಬೆಳವಣಿಗೆಯಲ್ಲಿ ಹಿಂದೆ ಬಿದ್ದಿದೆಯೇ? ತಾಯಿಯನ್ನು ದೂರುತ್ತಾ ದಿನ ಕಳೆಯಬೇಡಿ. ಬೇಗ ವೈದ್ಯರಿಗೆ ತೋರಿಸಿ. ರಕ್ತ ಪರೀಕ್ಷೆ ಬೇಕೆಂದರೆ ಅಪ್ಪಂದಿರೇ, ನೀವೂ ತೋಳು ಚಾಚಿ.